ಎಂಟು ತಿಂಗಳಿಗೆ 18 ತುಂಬುವ ಸಿ.ಪಿ. ಹುಡುಗ: ಗಾರ್ಡಿಯನ್, ಆಸ್ಪತ್ರೆ, ಕುರ್ಚಿ, ಯಾವುದು ಮೊದಲು?

ವಿ.ಆರ್.ಡಬ್ಲ್ಯು_ಚಿತ್ರದುರ್ಗ ಕೇಳಿದ್ದು:

ನಾನು ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ). ನಮ್ಮ ಪಂಚಾಯಿತಿ ವ್ಯಾಪ್ತಿಯ ಹುಡುಗನೊಬ್ಬನಿಗೆ ಇನ್ನು ಎಂಟು ತಿಂಗಳಿಗೆ 18 ವರ್ಷ ತುಂಬುತ್ತದೆ. ಸ್ಪಾಸ್ಟಿಕ್ ಸಿ.ಪಿ. (ಸೆರೆಬ್ರಲ್ ಪಾಲ್ಸಿ, ಮೆದುಳಿಗಾದ ಪೆಟ್ಟಿನಿಂದ ಸ್ನಾಯು ಬಿಗಿಯುವ ತೊಂದರೆ), ಎರಡು ಕೈ ಎರಡು ಕಾಲಿಗೂ ಇದೆ. ಜಿ.ಎಂ.ಎಫ್.ಸಿ.ಎಸ್. (ಓಡಾಟದ ಸಾಮರ್ಥ್ಯವನ್ನು 1ರಿಂದ 5ರವರೆಗೆ ಗುರುತಿಸುವ ಶ್ರೇಣಿ, 5 ಅತಿ ತೀವ್ರ) 4ನೇ ಹಂತ. ಕೂರಿಸಿದರೆ ಆಸರೆಯಲ್ಲಿ ಕೂರುತ್ತಾನೆ, ನಡಿಗೆ ಇಲ್ಲ. ತೂಕ 38 ಕಿಲೋ. ಬಿಗಿತ ಇಳಿಸುವ ಬ್ಯಾಕ್ಲೋಫೆನ್ 10 ಮಿ.ಗ್ರಾಂ ದಿನಕ್ಕೆ ಮೂರು ಬಾರಿ, ಜೊತೆಗೆ ಫಿಟ್ಸ್ ಮಾತ್ರೆ. ಬುದ್ಧಿಗೆ ಏನೂ ತೊಂದರೆ ಇಲ್ಲ, ಬರಹಗಾರರನ್ನಿಟ್ಟುಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಮಾತು ಮನೆಯವರಿಗೆ ಮಾತ್ರ ಅರ್ಥವಾಗುತ್ತದೆ.

ನನ್ನ ಪ್ರಶ್ನೆಗಳು:
1) ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಗಾರ್ಡಿಯನ್ (ಕಾನೂನುಬದ್ಧ ಪೋಷಕ) ಮಾಡಿಸಲೇಬೇಕಾ? ಮಾಡಿಸದಿದ್ದರೆ ಖಾತೆ ನಡೆಯುವುದಿಲ್ಲ ಎಂದು ಬ್ಯಾಂಕಿನಲ್ಲಿ ಹೇಳಿದ್ದಾರೆ.
2) ಡಿ.ಇ.ಐ.ಸಿ.ಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲಾ ಕೇಂದ್ರ) ಫಿಸಿಯೋಥೆರಪಿ ನಡೆಯುತ್ತಿದೆ. 18 ಆದ ಮೇಲೆ ಎಲ್ಲಿಗೆ ಕಳಿಸುವುದು, ಏನೇನು ಪರೀಕ್ಷೆ ಮಾಡಿಸಿಟ್ಟುಕೊಳ್ಳಬೇಕು?
3) ಚಿಕ್ಕಂದಿನ ಸಿ.ಪಿ. ಚೇರ್ ಸಾಲುತ್ತಿಲ್ಲ. ಕ್ಯಾಂಪಿನಲ್ಲಿ ಸಾಮಾನ್ಯ ಮಡಚುವ ವೀಲ್‌ಚೇರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದಾ?

ಶ್ರೀಸಾಮಾನ್ಯ_ದಾವಣಗೆರೆ:

ಇಷ್ಟೆಲ್ಲ ಯೋಚನೆ ಯಾಕೆ ಸರ್? ಅಪ್ಪನನ್ನೇ ಗಾರ್ಡಿಯನ್ ಮಾಡಿಸಿಬಿಡಿ. ಡಿ.ಸಿ. ಆರ್ಡರ್ ಒಂದು ಕೈಯಲ್ಲಿದ್ದರೆ ಬ್ಯಾಂಕು, ಆಸ್ಪತ್ರೆ, ತಾಲೂಕು ಕಚೇರಿ ಎಲ್ಲ ಬಾಯಿ ಮುಚ್ಚಿಕೊಳ್ಳುತ್ತವೆ. ಇರಲಿ ಅಂತ ಮಾಡಿಸಿಟ್ಟರೆ ನಷ್ಟ ಏನು?

ಕಾಯ್ದೆಕಟ್ಟಳೆ:

ನಷ್ಟ ಇದೆ. ನಾಳೆ ಅವನು ಒಂದು ಕಾಗದಕ್ಕೆ ಒಪ್ಪಿಗೆ ಕೊಟ್ಟರೆ "ನಿನಗೆ ಗಾರ್ಡಿಯನ್ ಇದ್ದಾರಲ್ಲ, ಅವರನ್ನು ಕರೆದುಕೊಂಡು ಬಾ" ಎನ್ನುತ್ತಾರೆ. ಕೆಲಸಕ್ಕೆ ಸೇರುವಾಗ, ಬಾಡಿಗೆ ಕರಾರು ಮಾಡುವಾಗ, ಮದುವೆ ನೋಂದಣಿಗೆ ಹೋದಾಗ ಇದೇ ಮಾತು. ತಂದೆಗೆ ಅನುಕೂಲವಾಗಲಿ ಎಂದು ಮಗನ ಸಹಿಯ ಬೆಲೆ ಕಳೆದಂತಾಗುತ್ತದೆ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪೂರ್ತಿ ಹೆಸರಿನಲ್ಲೇ ಸೆರೆಬ್ರಲ್ ಪಾಲ್ಸಿ ಇದೆ. ಅದಕ್ಕೇ ಸಿ.ಪಿ. ಇದ್ದವರಿಗೆಲ್ಲ ಗಾರ್ಡಿಯನ್ ಬೇಕು ಎಂದು ಕಚೇರಿಗಳಲ್ಲಿ ತಿಳಿದುಕೊಂಡಿರುತ್ತಾರೆ. ಅದರ 14ನೇ ಕಲಂ ಓದಿ ನೋಡಿ. ಅರ್ಜಿ ಬಂದಾಗ ಡಿ.ಸಿ. ಇರುವ ಸ್ಥಳೀಯ ಮಟ್ಟದ ಸಮಿತಿ ಎರಡು ವಿಷಯ ಪರಿಶೀಲಿಸಬೇಕು: ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ. ಅಂದರೆ "ಬೇಡ" ಎನ್ನುವುದಕ್ಕೂ ಕಾಯ್ದೆಯಲ್ಲೇ ಜಾಗ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಪ್ರಕಾರ ಆಸ್ತಿ ಹೊಂದುವುದು, ಹಣಕಾಸು ವ್ಯವಹಾರ ನೋಡಿಕೊಳ್ಳುವುದು ಎಲ್ಲದರಲ್ಲೂ ಅವನು ಬೇರೆಯವರಿಗೆ ಸಮ. ಯಾವುದೋ ಒಂದು ವ್ಯವಹಾರಕ್ಕೆ ಮಾತ್ರ ನೆರವು ಬೇಕಾದರೆ ಅದೇ 2016ರ ಕಾಯ್ದೆಯ 14ನೇ ಕಲಂ ಸೀಮಿತ ಗಾರ್ಡಿಯನ್‌ಗೆ ಅವಕಾಶ ಕೊಡುತ್ತದೆ. (ಎರಡೂ ಕಾಯ್ದೆಯಲ್ಲಿ ಕಲಂ ಸಂಖ್ಯೆ 14 ಆಗಿರುವುದರಿಂದ ಅರ್ಜಿ ಬರೆಯುವವರು ಗೊಂದಲ ಮಾಡಿಕೊಳ್ಳುತ್ತಾರೆ, ನೋಡಿಕೊಳ್ಳಿ.) 2016ರ ಕಾಯ್ದೆಯ ಗಾರ್ಡಿಯನ್ ಅವನ ಜೊತೆ ಕೂತು, ಮಾತಾಡಿ, ಇಬ್ಬರೂ ಸೇರಿ ತೀರ್ಮಾನ ತೆಗೆದುಕೊಳ್ಳಬೇಕು. ಅದೂ ನಿಗದಿತ ಕೆಲಸಕ್ಕೆ, ನಿಗದಿತ ಅವಧಿಗೆ.

ನೀವು ಹೇಳಿದ ಹುಡುಗ ತನ್ನ ತೀರ್ಮಾನ ತಾನೇ ಹೇಳಬಲ್ಲ. ತೊಡಕಿರುವುದು ಹೇಳುವ ದಾರಿಯಲ್ಲಿ. ಆ ದಾರಿ ಸರಿಮಾಡಿಸಿ, ಗಾರ್ಡಿಯನ್ ಬೇಡ. ತೀವ್ರ ಬುದ್ಧಿಮಾಂದ್ಯವೂ ಜೊತೆಗಿದ್ದು, ಯಾವ ವಿಧದಲ್ಲೂ ಆಯ್ಕೆ ತಿಳಿಸಲಾಗದವರ ವಿಷಯ ಬೇರೆ, ಅವರಿಗೆ ಮಾಡಿಸಿ. ಆದರೆ ಅಲ್ಲೂ ಆದೇಶ ತಂದು ಬೀರುವಿನಲ್ಲಿಟ್ಟರೆ ಮುಗಿಯಲಿಲ್ಲ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ ಪಟ್ಟಿ ಸಲ್ಲಿಸಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. 1999ರ ಕಾಯ್ದೆಯ 16ನೇ ಕಲಂ. ಇದನ್ನು ಮಾಡುವವರು ಕಡಿಮೆ, ಆಮೇಲೆ ಅಣ್ಣತಮ್ಮಂದಿರ ಜಗಳ ಬಂದಾಗ ಇದೇ ಕುತ್ತಿಗೆಗೆ ಬರುತ್ತದೆ.

ಬ್ಯಾಂಕಿನ ಮಾತಿಗೆ: ಮೈನರ್ ಖಾತೆಯಲ್ಲಿ ತಂದೆಗಿದ್ದ ಅಧಿಕಾರ 18 ತುಂಬಿದ ದಿನ ಮುಗಿಯುತ್ತದೆ. ಅದು ಎಲ್ಲ ಮಕ್ಕಳಿಗೂ ಒಂದೇ. ಹೊಸದಾಗಿ ಕೆ.ವೈ.ಸಿ., ಹೊಸ ಸಹಿ ಮಾದರಿ ಕೊಟ್ಟರೆ ಖಾತೆ ಅವನದೇ ಆಗುತ್ತದೆ. ಸಹಿ ಬರದಿದ್ದರೆ ಹೆಬ್ಬೆಟ್ಟು. ಅನಾರೋಗ್ಯದಿಂದ, ಅಶಕ್ತತೆಯಿಂದ ಸಹಿ ಮಾಡಲಾಗದ ಗ್ರಾಹಕರ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಕೈ ಹೆಬ್ಬೆಟ್ಟು ಅಥವಾ ಕಾಲಿನ ಹೆಬ್ಬೆರಳ ಗುರುತು ತೆಗೆದುಕೊಂಡು, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲೊಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. ಹೆಬ್ಬೆಟ್ಟೂ ಆಗದಿದ್ದರೆ ಅವನು ಹಾಕಬಲ್ಲ ಯಾವುದಾದರೂ ಗುರುತು ಸಾಕು, ಅದೇ ಸಾಕ್ಷಿ ಕ್ರಮದಲ್ಲಿ. ಮ್ಯಾನೇಜರ್ "ಆಗಲ್ಲ" ಎಂದರೆ "ಯಾವ ನಿಯಮದಡಿ ಎಂದು ಹಿಂಬರಹದಲ್ಲಿ ತಿಳಿಸಿ" ಎಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಕ್ಕಾಲು ಪಾಲು ಅಲ್ಲಿಗೇ ಬಗೆಹರಿಯುತ್ತದೆ.

ಸಹಿಯೋ ಹೆಬ್ಬೆಟ್ಟೋ ಎಂದು ಮೊದಲೇ ತೀರ್ಮಾನಿಸಿ. ಬಿಳಿ ಹಾಳೆಯಲ್ಲಿ ಹತ್ತು ಸಲ ಸಹಿ ಹಾಕಿಸಿ. ಏಳೆಂಟು ಒಂದೇ ತರಹ ಬಂದರೆ ಸಹಿ ಇರಲಿ. ಒಂದೊಂದು ಒಂದೊಂದು ತರಹ ಬಂದರೆ ಮುಂದೆ "ಸಹಿ ತಾಳೆಯಾಗಿಲ್ಲ" ಎಂದು ವಾಪಸ್ ಬರುವುದು ಖಂಡಿತ.

ಕೀಲುಮೂಳೆ_ಫಿಸಿಯೋ:

2ನೇ ಪ್ರಶ್ನೆಗೆ. ಡಿ.ಇ.ಐ.ಸಿ. ನಡೆಯುವುದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಅದರ ವಯಸ್ಸಿನ ಮಿತಿಯೇ 18. ಆಮೇಲೆ "ಸಿ.ಪಿ. ವಿಭಾಗ" ಎಂದು ದೊಡ್ಡವರ ಆಸ್ಪತ್ರೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸ್ಪಾಸ್ಟಿಸಿಟಿಗೆ (ಸ್ನಾಯು ಬಿಗಿತಕ್ಕೆ) ಪಿ.ಎಂ.ಆರ್. ಅಂದರೆ ದೈಹಿಕ ಪುನರ್ವಸತಿ ವಿಭಾಗ, ಅದು ಇಲ್ಲದಿದ್ದರೆ ಮೂಳೆ ವಿಭಾಗ, ಫಿಟ್ಸ್‌ಗೆ ನ್ಯೂರಾಲಜಿ ಅಥವಾ ಮೆಡಿಸಿನ್, ಹೀಗೆ ಒಬ್ಬ ಮನುಷ್ಯ ನಾಲ್ಕು ಚೀಟಿಯಾಗುತ್ತಾನೆ. ಮಕ್ಕಳ ವೈದ್ಯರೊಬ್ಬರೇ ಇಡೀ ಚಿತ್ರ ನೋಡುತ್ತಿದ್ದರು, ಅದು ತಪ್ಪಿಹೋಗುತ್ತದೆ. ಅದಕ್ಕೆ ಈ ಎಂಟು ತಿಂಗಳಲ್ಲಿ ಅವರಿಂದಲೇ ಒಂದು ಪುಟದ ವರ್ಗಾವಣೆ ಪತ್ರ ಬರೆಸಿ: ಯಾವ ಬಗೆಯ ಸಿ.ಪಿ., ಯಾವ ಹಂತ, ಆದ ಶಸ್ತ್ರಚಿಕಿತ್ಸೆ, ಬೊಟಾಕ್ಸ್ (ಬಿಗಿತ ಇಳಿಸುವ ಚುಚ್ಚುಮದ್ದು) ಕೊಟ್ಟಿದ್ದರೆ ಯಾವ ಸ್ನಾಯು, ಕೊನೆಯ ದಿನಾಂಕ, ಮಾತ್ರೆಗಳ ಪ್ರಮಾಣ, ಕೊನೆಯ ಫಿಟ್ಸ್ ಯಾವಾಗ, ನುಂಗುವುದು ಹೇಗೆ, ಮತ್ತು ದಪ್ಪಕ್ಷರದಲ್ಲಿ "ಮಾತು ಅಸ್ಪಷ್ಟ, ತಿಳಿವಳಿಕೆ ಸರಿಯಾಗಿದೆ, ಅವನನ್ನೇ ಕೇಳಿ". ಈ ಕೊನೆಯ ಸಾಲಿಲ್ಲದಿದ್ದರೆ ಒ.ಪಿ.ಡಿ.ಯಲ್ಲಿ ಎಲ್ಲರೂ ಅಮ್ಮನ ಮುಖ ನೋಡಿ ಮಾತಾಡುತ್ತಾರೆ. 18 ಆದ ಮೇಲೆ ಆಪರೇಷನ್ ಒಪ್ಪಿಗೆ ಪತ್ರಕ್ಕೂ ಅವನದೇ ಗುರುತು ಬೇಕು.

ಬ್ಯಾಕ್ಲೋಫೆನ್ ಬಗ್ಗೆ ಎಚ್ಚರ. ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಹೋಗುವ ನಡುವೆ ಚೀಟಿ ಮುಗಿದು ಮಾತ್ರೆ ಥಟ್ಟನೆ ನಿಂತರೆ ಬಿಗಿತ ಎರಡರಷ್ಟಾಗುವುದು, ಜ್ವರ, ಭ್ರಮೆ, ಫಿಟ್ಸ್ ಎಲ್ಲವೂ ಬರಬಹುದು. ನಿಲ್ಲಿಸಬೇಕಾದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ. ಮನೆಯಲ್ಲಿ ಎರಡು ವಾರದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ.

ಪರೀಕ್ಷೆಗಳಲ್ಲಿ ಮೊದಲನೆಯದು ಸೊಂಟದ ಎಕ್ಸ್-ರೇ. ತೊಡೆಮೂಳೆಯ ತಲೆ ಗುಣಿಯಿಂದ ಎಷ್ಟು ಹೊರಬಂದಿದೆ ಎಂದು ಶೇಕಡಾದಲ್ಲಿ ಅಳೆಯುತ್ತಾರೆ, 30 ದಾಟಿದರೆ ಮೂಳೆ ವೈದ್ಯರು ನೋಡಲೇಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆದ ಅಧ್ಯಯನದಲ್ಲಿ ಹೀಗೆ ಸರಿದ ಸೊಂಟ 1ನೇ ಹಂತದ ಮಕ್ಕಳಲ್ಲಿ ಒಂದೂ ಇರಲಿಲ್ಲ, 5ನೇ ಹಂತದಲ್ಲಿ ಶೇ. 90 ಇತ್ತು. ನಿಮ್ಮ ಹುಡುಗ 4ನೇ ಹಂತ, ಲೆಕ್ಕ ಹಾಕಿಕೊಳ್ಳಿ. ಎಕ್ಸ್-ರೇ ತೆಗೆಯುವಾಗ ಮಲಗಿಸಿ, ಎರಡೂ ಮಂಡಿಚಿಪ್ಪು ಚಾವಣಿ ನೋಡುವಂತೆ ಕಾಲು ಜೋಡಿಸಬೇಕು. ಕಾಲು ನೇರ ಚಾಚಲಾಗದೆ ಬೆನ್ನು ಕಮಾನಾಗುತ್ತಿದ್ದರೆ ಮಂಡಿ ಕೆಳಗೆ ದಿಂಬಿಟ್ಟು ಸೊಂಟ ಹಾಸಿಗೆಗೆ ತಾಗುವಂತೆ ಮಾಡಬೇಕು. ಕಾಲು ಓರೆಯಾಗಿ ತೆಗೆದ ಫಿಲಂನಲ್ಲಿ ಅಳತೆಯೇ ತಪ್ಪು ಬರುತ್ತದೆ.

ಬೆನ್ನು ಸೊಟ್ಟಗಾಗುವುದು ಬೆಳವಣಿಗೆ ನಿಂತ ಮೇಲೂ ನಿಲ್ಲುವುದಿಲ್ಲ, ವಕ್ರತೆ 40 ಡಿಗ್ರಿ ದಾಟಿದ್ದರಂತೂ ಮುಂದುವರಿಯುವ ಸಾಧ್ಯತೆ ಹೆಚ್ಚು. ಕೂರಿಸಿಯೇ ಎಕ್ಸ್-ರೇ ತೆಗೆಸಿಡಿ, ಮುಂದೆ ಹೋಲಿಸಲು ಬೇಕು. ವಿಟಮಿನ್ ಡಿ ನೋಡಿಸಿ. ನಿಂತು ಭಾರ ಹೊರದ ಮೂಳೆ ಮೊದಲೇ ತೆಳು, ಜೊತೆಗೆ ಫಿನಿಟೋಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೀನ್ ತರಹದ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಇನ್ನೂ ತೆಳು. ಪ್ಯಾಂಟ್ ಹಾಕುವಾಗ ಒಂದೇ ಕಾಲು ಹಿಡಿದು ತಿರುಚಿದರೂ ಮಂಡಿಯ ಮೇಲ್ಭಾಗದಲ್ಲಿ ಮೂಳೆ ಮುರಿಯುತ್ತದೆ. ಬಿದ್ದಿಲ್ಲ ಏನಿಲ್ಲ, ಆದರೆ ಮಂಡಿ ಊದಿ ಬೆಚ್ಚಗಿದೆ, ಬಟ್ಟೆ ಬದಲಿಸುವಾಗ ಚೀರುತ್ತಾನೆ ಎಂದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಅವತ್ತೇ ಎಕ್ಸ್-ರೇ.

ಇನ್ನೊಂದು. ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಾದರೆ ಮಾತ್ರೆ ಪ್ರಮಾಣ ಏರಿಸುವ ಮೊದಲು ಎಲ್ಲಿ ನೋವಿದೆ ಹುಡುಕಿ. ಮಲಬದ್ಧತೆ, ಮೂತ್ರದ ಸೋಂಕು, ಹುಳುಕು ಹಲ್ಲು, ಕೂತಲ್ಲಿ ಹುಣ್ಣು, ಒಳಗೆ ಬೆಳೆದ ಉಗುರು, ಜಾರಿದ ಸೊಂಟ. ನಾಲ್ಕು ದಿನ ಮಲವಿಸರ್ಜನೆಯಾಗದೆ ಮೈಯೆಲ್ಲ ಕೊರಡಾದವನಿಗೆ ಬ್ಯಾಕ್ಲೋಫೆನ್ ಏರಿಸಿದರೆ ನಿದ್ದೆ ಮಂಪರು ಬರುತ್ತದೆಯೇ ಹೊರತು ಬಿಗಿತ ಇಳಿಯುವುದಿಲ್ಲ.

ಮೆದುಳಿನಲ್ಲಿ ಆದ ಪೆಟ್ಟು ಬೆಳೆಯುವುದಿಲ್ಲ. ಹಾಗಾಗಿ ಮೊದಲು ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲ, ಲೋಟ ಹಿಡಿಯುತ್ತಿದ್ದ ಕೈ ಹಿಡಿಯುತ್ತಿಲ್ಲ, ಮೂತ್ರದ ಹಿಡಿತ ತಪ್ಪಿತು ಎಂದರೆ "ಸಿ.ಪಿ. ಅಲ್ವಾ, ದೊಡ್ಡವನಾದಂತೆ ಹೀಗೇ" ಎಂದು ಬಿಡಬಾರದು. ಕುತ್ತಿಗೆ ತಾನಾಗಿ ತಿರುಚಿಕೊಳ್ಳುವ ಅಥೆಟಾಯ್ಡ್, ಡಿಸ್ಟೋನಿಕ್ ಬಗೆಯವರಲ್ಲಿ ಚಿಕ್ಕ ವಯಸ್ಸಿಗೇ ಕುತ್ತಿಗೆ ಮೂಳೆ ಸವೆದು ಬೆನ್ನುಹುರಿ ಒತ್ತುತ್ತದೆ. ಅಂಥವರಿಗೆ ಕುತ್ತಿಗೆಯ ಎಂ.ಆರ್.ಐ. ಬೇಕು.

ಹುಡುಗಿಯರ ವಿಷಯ ಯಾರೂ ಕೇಳಿಲ್ಲ, ಆದರೂ: ಫಿಟ್ಸ್‌ಗೆ ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಗರ್ಭದಲ್ಲಿರುವ ಮಗುವಿಗೆ ಅದು ಹಾನಿಕರ. ದೊಡ್ಡವರ ವಿಭಾಗಕ್ಕೆ ಹೋದ ಮೊದಲ ಭೇಟಿಯಲ್ಲೇ ಆ ಮಾತು ಆಗಬೇಕು. "ಇವಳಿಗೆಲ್ಲಿ ಮದುವೆ" ಎಂದು ವೈದ್ಯರೇ ಅದನ್ನು ಬಿಟ್ಟುಬಿಡುವುದುಂಟು.

ಕುರ್ಚಿ_ಹುಬ್ಬಳ್ಳಿ:

ಕ್ಯಾಂಪಿನ ಮಡಚೋ ಕುರ್ಚಿ ಹಂಗಽ ತಗೋಬ್ಯಾಡ್ರಿ. ಅಥವಾ ತಗೊಂಡ್ರ ತಿದ್ದಿಸ್ಕೋರಿ. ಅದರ ಸೀಟು ಸುಮಾರು 18 ಇಂಚು, ಅಂದರೆ 46 ಸೆಂ.ಮೀ. ಅಗಲ. 38 ಕಿಲೋ ಹುಡುಗನ ಸೊಂಟದ ಅಗಲ 32–33 ಇರಬಹುದು. ಉಳಿದ ಹದಿಮೂರು ಸೆಂ.ಮೀ.ನಲ್ಲಿ ಅವನು ಒಂದು ಕಡೆ ವಾಲುತ್ತಾನೆ, ಆ ವಾಲಿಕೆಯೇ ಬೆನ್ನಿಗೆ ಹೋಗುತ್ತದೆ. ರೆಗ್ಜಿನ್ ಜೋಲಿ ಸೀಟು ನಡುವೆ ತಗ್ಗಾಗಿ ಎರಡೂ ತೊಡೆ ಒಳಗೆ ಕೂಡುತ್ತವೆ, ಅದು ಮೇಲೆ ಹೇಳಿದ ಸೊಂಟಕ್ಕೆ ಕೆಟ್ಟದ್ದು.

ಅಳತೆ ಹೀಗೆ ತಗೋರಿ. ಗಟ್ಟಿ ಬೆಂಚಿನ ಮೇಲೆ ಕೂರಿಸಿ, ಒಬ್ಬರು ಹಿಂದಿನಿಂದ ಹಿಡಿದುಕೊಂಡು, ಎರಡೂ ಬದಿಗೆ ಎರಡು ಪುಸ್ತಕ ನೆಟ್ಟಗೆ ನಿಲ್ಲಿಸಿ ನಡುವಿನ ಅಂತರ ಅಳೀರಿ. ಟೇಪನ್ನು ಮೈಮೇಲೆ ಬಾಗಿಸಿದ್ರ ತಪ್ಪು ಬರ್ತದ. ಅದೇ ಸೀಟಿನ ಅಗಲ. ಆಮೇಲೆ ಪೃಷ್ಠದ ಹಿಂದಿನಿಂದ ಮಂಡಿ ಹಿಂಬದಿವರೆಗೆ, ಎರಡೂ ಕಾಲು ಬೇರೆ ಬೇರೆ. ಸೊಂಟ ಸರಿದಿದ್ದರೆ ಎರಡು ಅಳತೆ ಬರ್ತಾವು. 44 ಮತ್ತು 42 ಬಂದರೆ ಸಣ್ಣದು ಹಿಡೀರಿ, ಅದರಲ್ಲಿ 3ರಿಂದ 6 ಸೆಂ.ಮೀ. ಕಳೀರಿ, ಸೀಟಿನ ಆಳ ಸುಮಾರು 38. ಆಳ ಹೆಚ್ಚಾದರೆ ಮಂಡಿ ಹಿಂದೆ ಅಂಚು ಒತ್ತಿ ಹುಡುಗ ಮುಂದಕ್ಕೆ ಜಾರ್ತಾನ. ಜಾರ್ತಾನ ಅಂತ ಮನ್ಯಾಗ ಹೊಟ್ಟೆಗೆ ಟವೆಲ್ ಕಟ್ತಾರ, ಅವನು ಇನ್ನೂ ಜಾರಿ ಟವೆಲ್ ಎದೆಗೆ ಬರ್ತದ. ಬೆಲ್ಟ್ ಸೊಂಟದ ಮೂಳೆ ಕೆಳಗೆ, ಸೀಟಿಗೆ 45ರಿಂದ 60 ಡಿಗ್ರಿ ಕೋನದಾಗ ಇಳೀಬೇಕು.

ಜೋಲಿ ಸೀಟಿನ ಮ್ಯಾಲೆ 12 ಮಿ.ಮೀ. ಪ್ಲೈವುಡ್, ಅದರ ಮ್ಯಾಲೆ ಎರಡು ಪದರ ಫೋಮ್: ಕೆಳಗ ಗಟ್ಟಿ, ಮ್ಯಾಲೆ ಮೆತ್ತಗ. ಗಟ್ಟಿ ಪದರದಾಗ ಕೂರೋ ಮೂಳೆ ಬರೋ ಹಿಂಭಾಗದಲ್ಲಿ ಎರಡೂವರೆ ಸೆಂ.ಮೀ. ತಗ್ಗು ಕೊರೀರಿ. ಆ ತಗ್ಗಿನ ಮುಂದಿನ ಅಂಚೇ ಜಾರದಂಗ ತಡೀತದ, ಬೆಲ್ಟಿಗಿಂತ ಚಲೋ. ಕಾಲು ಪಟ್ಟಿ (ಪಾದ ಇಡೋ ಹಲಗೆ) ನೆಲದಿಂದ ಕನಿಷ್ಠ 5 ಸೆಂ.ಮೀ. ಮ್ಯಾಲಿರಬೇಕು, ಇಲ್ಲಾಂದ್ರ ಹೊಸ್ತಿಲಿಗೆ ಬಡೀತದ. ಈ ಫೋಮ್ ದಿಂಬು ಹಾಕಿದ ಮ್ಯಾಲೆ ಕಾಲು ಪಟ್ಟಿ ಮತ್ತ ಹೊಂದಿಸ್ರಿ, ಎಲ್ಲರೂ ಮರಿಯೋದು ಇದನ್ನ. ಹೊಸ ಕುರ್ಚಿ ಮೊದಲ ದಿನ ಅರ್ಧ ತಾಸು ಸಾಕು. ಇಳಿಸಿ ಚರ್ಮ ನೋಡ್ರಿ, ಕೆಂಪಾಗಿದ್ದು ಅರ್ಧ ತಾಸಿನಾಗ ಮಾಯ ಆಗದಿದ್ರ ದಿಂಬು ತಪ್ಪೈತಿ.

ವಿ.ಆರ್.ಡಬ್ಲ್ಯು_ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಗಾರ್ಡಿಯನ್ ಅರ್ಜಿ ಸದ್ಯಕ್ಕೆ ತಡೆದಿದ್ದೇವೆ. ಎರಡು ಉಳಿದವು. ಆಧಾರ್ ಬಯೋಮೆಟ್ರಿಕ್‌ನಲ್ಲಿ ಅವನ ಮುಷ್ಟಿ ಬಿಚ್ಚುವುದೇ ಇಲ್ಲ, ಎಳೆದರೆ ಇನ್ನೂ ಬಿಗಿಯುತ್ತದೆ. ಮತ್ತೆ, ಮ್ಯಾನೇಜರ್ ಎದುರು ಅವನ "ಹೌದು" ತಿಳಿಯುವುದು ಹೇಗೆ?

ಕೀಲುಮೂಳೆ_ಫಿಸಿಯೋ:

ಬೆರಳು ಎಳೆಯಬೇಡಿ. ಮೊದಲು ಮೊಣಕೈ ಆಸರೆ ಕೊಟ್ಟು ಮಣಿಕಟ್ಟನ್ನು ನಿಧಾನ ಅಂಗೈ ಕಡೆಗೆ ಬಗ್ಗಿಸಿ. ಮಣಿಕಟ್ಟು ಬಗ್ಗಿದಂತೆ ಬೆರಳ ಸ್ನಾಯುರಜ್ಜು ಸಡಿಲಾಗಿ ಮುಷ್ಟಿ ತಾನೇ ಬಿಚ್ಚುತ್ತದೆ. ಆ ಭಂಗಿಯಲ್ಲೇ ಯಂತ್ರವನ್ನು ಬೆರಳಿನ ಹತ್ತಿರ ತನ್ನಿ, ಕೈಯನ್ನು ಯಂತ್ರಕ್ಕೆ ಒತ್ತಬೇಡಿ. ಆದರೂ ಬರದಿದ್ದರೆ ಬಯೋಮೆಟ್ರಿಕ್ ವಿನಾಯಿತಿ ಎಂದು ದಾಖಲಿಸಲು ಅವಕಾಶ ಇದೆ, ಆಪರೇಟರ್‌ಗೆ ಅದನ್ನೇ ಹೆಸರಿಟ್ಟು ಕೇಳಿ.

ಅಕ್ಷರಹಲಗೆ:

ಎರಡನೆಯದಕ್ಕೆ ನಾನು. ಮೊದಲು ಹೊರಗಿನವರೂ ನೋಡಿ ತಿಳಿಯುವ ಒಂದು "ಹೌದು" ಗೊತ್ತುಮಾಡಿ. ಕಣ್ಣು ಮೇಲೆತ್ತುವುದು ಬಹಳ ಜನಕ್ಕೆ ಸುಲಭ. "ಇಲ್ಲ"ಕ್ಕೆ ಬೇರೆಯದೇ ಸನ್ನೆ ಇರಬೇಕು, ಸುಮ್ಮನಿರುವುದು ಇಲ್ಲ ಎಂದಾಗಬಾರದು. ಕೇಳಿ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡು ಕಾಯಿರಿ. ಎರಡನೇ ಸಲ ಬೇಗ ಕೇಳಿದರೆ ಅವನ ಮೈ ಮತ್ತೆ ಬಿಗಿದು ಮೊದಲ ಉತ್ತರವೂ ಹೋಗುತ್ತದೆ.

ಎಸ್ಸೆಸ್ಸೆಲ್ಸಿ ಓದಿದವನಿಗೆ ಚಿತ್ರದ ಕಾರ್ಡು ಹಿಡಿಸಬೇಡಿ, ಅಕ್ಷರ ಕೊಡಿ. ನಮ್ಮ ವರ್ಣಮಾಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಐದೈದರ ವರ್ಗ ಆಗಲೇ ಸಾಲಾಗಿ ನಿಂತಿದೆ. ಒಂದೂವರೆ ಅಡಿ ಅಗಲದ ಸನ್‌ಬೋರ್ಡ್, 3 ಸೆಂ.ಮೀ. ಎತ್ತರದ ಅಕ್ಷರ. 1ನೇ ಸಾಲು ಸ್ವರ, 2ರಿಂದ 6 ಕ, ಚ, ಟ, ತ, ಪ ವರ್ಗ, 7 ಯರಲವಶ, 8 ಷಸಹಳ. ಙ, ಞ ಎರಡನ್ನೂ ತೆಗೆದು ಆ ಜಾಗದಲ್ಲಿ "ತಪ್ಪಾಯಿತು", "ಪದ ಮುಗೀತು" ಎಂದು ಬರೆಯಿರಿ. ನೀವು ಸಾಲಿನ ಸಂಖ್ಯೆ ಹೇಳುತ್ತ ಹೋಗಿ, ಕಣ್ಣೆತ್ತಿದಲ್ಲಿ ನಿಲ್ಲಿ, ಆ ಸಾಲಿನ ಅಕ್ಷರ ಒಂದೊಂದೇ ಹೇಳಿ, ಮತ್ತೆ ಕಣ್ಣೆತ್ತಿದಲ್ಲಿ ನಿಲ್ಲಿ, ಆಮೇಲೆ ಅದರ ಗುಣಿತ ಹೇಳಿ. "ನೀರು" ಬರೆಯಲು: ಐದನೇ ಸಾಲು, ನ, "ನ, ನಾ, ನಿ, ನೀ" ನಿಲ್ಲಿ. ಏಳನೇ ಸಾಲು, ರ, "ರ, ರಾ, ರಿ, ರೀ, ರು" ನಿಲ್ಲಿ. ಬರೆದದ್ದನ್ನು ಅವನಿಗೆ ಕಾಣುವಂತೆ ಹಾಳೆಯಲ್ಲಿ ಬರೆಯುತ್ತ ಹೋಗಿ.

ಸಿಕ್ಕಿಕೊಳ್ಳುವುದು ಒತ್ತಕ್ಷರದಲ್ಲಿ. ಒತ್ತಿಗೆ ಬೇರೆ ಸಾಲು ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. "ಅಕ" ಎಂದು ಬಂದರೆ "ಅಕ್ಕನಾ?" ಎಂದು ಕೇಳಿ ಹೌದು ಪಡೆಯಿರಿ, ಸಾಕು. ಆದರೆ ಎರಡು ಅಕ್ಷರ ಬಂದೊಡನೆ ಇಡೀ ಪದ ಊಹಿಸಿ ಹೇಳುವ ಚಟ ಬೇಡ. ಊಹಿಸಲೇ ಎಂದು ಮೊದಲು ಅವನನ್ನು ಕೇಳಿ. ಕೆಲವರು ತಪ್ಪು ಊಹೆಗೂ ಸುಸ್ತಾಗಿ ಹೌದು ಎಂದುಬಿಡುತ್ತಾರೆ, ಬ್ಯಾಂಕಿನಲ್ಲಿ ಅದು ಆಗಬಾರದು.

ಮ್ಯಾನೇಜರ್ ಎದುರು ಹಲಗೆ ಹಿಡಿಯುವುದು ಮನೆಯವರಲ್ಲದವರು ಆಗಿರಲಿ, ನೀವೇ ಆಗಬಹುದು. ಮೊದಲು ಮ್ಯಾನೇಜರ್ ಕೈಯಿಂದಲೇ ಎರಡು ಪ್ರಶ್ನೆ ಕೇಳಿಸಿ, ಒಂದಕ್ಕೆ ಹೌದು ಎಂದೂ ಇನ್ನೊಂದಕ್ಕೆ ಇಲ್ಲ ಎಂದೂ ಉತ್ತರ ಬರುವಂಥದ್ದು: "ನಿನ್ನ ಊರು ಇಂಥದ್ದಾ?", "ಇವತ್ತು ಭಾನುವಾರವಾ?" ಆಮೇಲೆ ಖಾತೆಯ ಪ್ರಶ್ನೆ. ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ: "ಅಪ್ಪ ನಿನ್ನ ಖಾತೆ ನೋಡಿಕೊಳ್ಳಬೇಕಾ?", "ನೀನೇ ನೋಡಿಕೊಳ್ಳುತ್ತೀಯಾ?" ಎರಡಕ್ಕೂ ಹೌದು ಎಂದರೆ ಅವನಿಗೆ ಸುಸ್ತಾಗಿದೆ ಎಂದರ್ಥ, ಇನ್ನೊಂದು ದಿನ ಹೋಗಿ. ಬೆಳಿಗ್ಗೆ ಬ್ಯಾಕ್ಲೋಫೆನ್ ಮಂಪರು ಇಳಿದ ಹೊತ್ತಿಗೆ, ತಿದ್ದಿಸಿದ ಕುರ್ಚಿಯಲ್ಲೇ ಕೂರಿಸಿ ಕರೆದುಕೊಂಡು ಹೋಗಿ. ಜಾರುತ್ತ ಕೂತವನ ತಲೆ ನಿಲ್ಲುವುದಿಲ್ಲ, ತಲೆ ನಿಲ್ಲದವನ ಕಣ್ಣಿನ ಸನ್ನೆ ಮ್ಯಾನೇಜರ್‌ಗೆ ಕಾಣುವುದಿಲ್ಲ.

ಕಾಯ್ದೆಕಟ್ಟಳೆ:

ಇದಕ್ಕೊಂದು ಸೇರಿಸುತ್ತೇನೆ. ಆ ಹೌದು-ಇಲ್ಲದ ಸನ್ನೆಯನ್ನು ವರ್ಗಾವಣೆ ಪತ್ರದಲ್ಲೂ ವೈದ್ಯರಿಂದ ಬರೆಸಿ, ಮೊಹರು ಹಾಕಿಸಿ: "ಕಣ್ಣು ಮೇಲೆತ್ತಿದರೆ ಹೌದು". ಬ್ಯಾಂಕಿಗೂ ಅದರ ನಕಲು ಕೊಡಿ. ಯು.ಡಿ.ಐ.ಡಿ. ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ಮುಕ್ತಾಯ ದಿನಾಂಕ ಇದೆಯಾ ನೋಡಿ, ಚಿಕ್ಕಂದಿನಲ್ಲಿ ಕೊಟ್ಟದ್ದು ತಾತ್ಕಾಲಿಕವಾಗಿದ್ದರೆ ಈಗಲೇ ನವೀಕರಣಕ್ಕೆ ಹಾಕಿ. ನಿರಾಮಯ (ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆ) 18ಕ್ಕೆ ನಿಲ್ಲುವುದಿಲ್ಲ, ಆದರೆ ಪ್ರತಿ ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. ಪಿ.ಯು. ಪರೀಕ್ಷೆಗೆ ಬರಹಗಾರರ ಅರ್ಜಿ ಹಾಕುವಾಗ ಹೆಚ್ಚುವರಿ ಸಮಯವನ್ನೂ ಅದರಲ್ಲೇ ಕೇಳಿ. ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಎಂದಿದೆ, ಮೂರು ಗಂಟೆಯ ಪರೀಕ್ಷೆಗೆ ಪೂರ್ತಿ ಒಂದು ಗಂಟೆ.